ಪದಚರ್ಚೆ: ಟ್ರಿಗರ್‌ಗೆ "ನೆವ" ಅನ್ನಬಹುದಾ? (ಬಾಯಿ ಒಣಗೋ ಕಾಯಿಲೆ, ವೈರಸ್)

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಪರಿಚಯದ ಹಲ್ಲಿನ ಡಾಕ್ಟರೊಬ್ರು ಪೇಷಂಟ್‌ಗಳಿಗೆ ಕೊಡೋಕೆ ಶೋಗ್ರೆನ್ ಸಿಂಡ್ರೋಮ್ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಅಂದಿದಾರೆ, ಎಲ್ಲಾ ಆಯ್ತು, ಟ್ರಿಗರ್ (ಅಂದ್ರೆ ಒಳಗಿರೋ ಕಾಯಿಲೆನ ಎಬ್ಬಿಸೋದು) ಅನ್ನೋ ಒಂದು ಪದಕ್ಕೆ ಬಂದು ಗಾಡಿ ನಿಂತೈತಿ.

ಕಾಯಿಲೆ ಗೊತ್ತಿಲ್ಲದೋರಿಗೆ ಎರಡು ಮಾತು. ನಮ್ಮನ್ನ ಕಾಯಬೇಕಾದ ಬಿಳಿ ರಕ್ತಕಣಗಳೇ ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿ ಒಳಗೆ ನುಗ್ಗಿ ನಾಳಗಳ ಸುತ್ತ ಗುಂಪು ಕಟ್ಕೊಂಡು ಕೂತ್ಕೊಂಡು ಗ್ರಂಥಿನ ಕೆಡಿಸ್ತವೆ, ಬಾಯಿ ಕಣ್ಣು ಎರಡೂ ಒಣಗ್ತವೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಿಗೆ. ಹೆನ್ರಿಕ್ ಶೋಗ್ರೆನ್ ಅಂತ ಸ್ವೀಡನ್ನಿನ ಕಣ್ಣಿನ ಡಾಕ್ಟರು, 1933ರಲ್ಲಿ ಇದರ ಮೇಲೆ ಪ್ರಬಂಧ ಬರೆದ್ರು, ಅದಕ್ಕೇ ಆ ಹೆಸರು. ನಮ್ಮೂರಲ್ಲಿ ಇದು ಮೊದಲು ಗೊತ್ತಾಗೋದು ಮಂಡಕ್ಕಿ ತಿನ್ನುವಾಗ ಅಂತ ನಾನು ಡಾಕ್ಟರಿಗೆ ಹೇಳಿದ್ದಕ್ಕೆ ನಕ್ಕರು, ಆದ್ರೆ ನಿಜ, ನರ್ಗೀಸ್ ಮಂಡಕ್ಕಿ ಒಂದು ಹಿಡಿ ಬಾಯಿಗೆ ಹಾಕ್ಕೊಂಡ್ರೆ ಅಂಗುಳಕ್ಕೆ ಅಂಟ್ಕೊಂಡು ಕೂರುತ್ತೆ, ಮೇಲೊಂದು ಗುಟುಕು ನೀರು ಕುಡಿದೇ ಕೆಳಗಿಳಿಸಬೇಕು.

ಈಗ ವೈರಸ್ ವಿಷಯ. ಮೊದಲಿದ್ದ ಹಾಳೆಲಿ "ವೈರಾಣು ಸೋಂಕಿನ ಕಾರಣದಿಂದ ಬರಬಹುದು" ಅಂತಿತ್ತಂತೆ. ಅದನ್ನ ಓದಿದ ಹೆಂಗಸೊಬ್ರು "ಹಂಗಾರೆ ಮೊಮ್ಮಕ್ಕಳಿಗೆ ಅಂಟುತ್ತಾ, ನನ್ನ ಲೋಟ ಬ್ಯಾರೆ ಇಡ್ಲಾ" ಅಂತ ಕೇಳಿದ್ರಂತೆ. ಅವರದ್ದೇನು ತಪ್ಪಿಲ್ಲ, ಕಾರಣ ಅಂದ್ರೆ ಹಂಗೇ ಅರ್ಥ ಆಗೋದು. ಮಂಗನಬಾವಿಗೆ ವೈರಸ್ಸೇ ಕಾರಣ ಅಂದ್ರೆ ಸರಿ, ಅಲ್ಲಿ ವೈರಸ್ ತಾನೇ ಗ್ರಂಥಿಗೆ ಹೊಕ್ಕು ಊದಿಸುತ್ತೆ, ಮಕ್ಕಳಿಂದ ಮಕ್ಕಳಿಗೆ ಅಂಟುತ್ತೆ, ಕೆಲವು ದಿನಕ್ಕೆ ಇಳಿಯುತ್ತೆ. ಶೋಗ್ರೆನ್‌ನಲ್ಲೂ ಕೆನ್ನೆ ಊದೋದುಂಟು, ಅದು ಅಂಟಲ್ಲ.

ಇಲ್ಲಿ ಹೆಚ್ಚು ಅನುಮಾನ ಇರೋದು ಎಪ್‌ಸ್ಟೈನ್ ಬಾರ್ ವೈರಸ್ ಮೇಲೆ. ಅದು ಹರಡೋದೇ ಜೊಲ್ಲಿನಿಂದ, ಒಂದ್ಸಲ ಬಂದ್ರೆ ಜೀವನಪೂರ್ತಿ ಒಳಗೇ ಮಲಗಿರುತ್ತೆ. ಅದರ ಸಣ್ಣ ಆರ್‌ಎನ್‌ಎ ತುಣುಕುಗಳು ನಮ್ಮ ಜೀವಕೋಶದ ಲಾ ಅನ್ನೋ ಪ್ರೋಟೀನಿಗೆ ಅಂಟ್ಕೊಂತವೆ, ಶೋಗ್ರೆನ್ ಇರೋ ಹಲವರ ರಕ್ತದಲ್ಲಿ ಇದೇ ಲಾ ವಿರುದ್ಧ ಆಂಟಿಬಾಡಿ (ಹೊರಗಿಂದ ಬಂದದ್ದನ್ನ ಹಿಡಿಯೋಕೆ ದೇಹ ಮಾಡ್ಕೊಳೋ ಪ್ರೋಟೀನು) ಸಿಗುತ್ತೆ, ಹಾಗಾಗಿ ಅನುಮಾನ ಬರೋದು ಸಹಜ. ಆದ್ರೆ ದೊಡ್ಡೋರಲ್ಲಿ 100ಕ್ಕೆ 90ಕ್ಕಿಂತ ಜಾಸ್ತಿ ಜನಕ್ಕೆ ಈ ವೈರಸ್ ಇದ್ದೇ ಇರುತ್ತೆ, ಅವರಿಗೆಲ್ಲ ಬಾಯಿ ಒಣಗಲ್ವಲ್ಲ! ಜೀನು, ಹಾರ್ಮೋನು ಎಲ್ಲ ಕೂಡಿ ಬರಬೇಕು. ಜಪಾನಿನ ನೈರುತ್ಯ ಭಾಗದಲ್ಲಿ ಎಚ್‌ಟಿಎಲ್‌ವಿ-1 ಅನ್ನೋ ಬೇರೆ ವೈರಸ್‌ಗೂ ಇದಕ್ಕೂ ನಂಟು ಕಂಡೈತಿ. ಹೆಪಟೈಟಿಸ್ ಸಿ, ಎಚ್‌ಐವಿ ಕತೆ ಇನ್ನೊಂಥರ, ಅವು ಹೆಚ್ಚುಕಮ್ಮಿ ಇದೇ ರೂಪದ ತೊಂದರೆ ತಾವೇ ತರ್ತವೆ, ಅದಕ್ಕೇ ಶೋಗ್ರೆನ್ ಯಾರಿಗೈತಿ ಅಂತ ವಿಂಗಡಿಸೋಕೆ ತಜ್ಞರು ಮಾಡಿದ 2016ರ ಮಾನದಂಡದಲ್ಲಿ ಏಡ್ಸ್ ಅಥವಾ ಸಕ್ರಿಯ ಹೆಪಟೈಟಿಸ್ ಸಿ ಇರೋರನ್ನ ಶೋಗ್ರೆನ್ ಲೆಕ್ಕಕ್ಕೇ ತಗೊಳಲ್ಲ.

ಹಂಗಾಗಿ ಕಾರಣ ಬೇಡ. ಪ್ರಚೋದಕ ಅಂದ್ರೆ ಪೊಲೀಸ್ ಕೇಸಿನ ಭಾಷಣದ ನೆನಪಾಗುತ್ತೆ, ನಿಮಿತ್ತ ಚೆನ್ನಾಗೈತಿ ಆದ್ರೆ ಪ್ರವಚನದ ವಾಸನೆ. ನಮ್ಮ ಕಡೆ "ಮಳೇಲಿ ನೆಂದಿದ್ದೇ ನೆವ ಆತು, ಜ್ವರ ಹಿಡೀತು" ಅಂತಾರೆ, ಒಳಗೆ ಏನೋ ಮೊದಲೇ ತಯಾರಿತ್ತು, ಇದೊಂದು ಬಂದು ಎಬ್ಬಿಸ್ತು ಅನ್ನೋ ಅರ್ಥ. ಸದ್ಯಕ್ಕೆ "ಹಳೇ ವೈರಸ್ ಸೋಂಕೊಂದು ಇದಕ್ಕೆ ನೆವ ಆಗಿರಬಹುದು, ಈ ಕಾಯಿಲೆ ಅಂಟಲ್ಲ" ಅಂತ ಬರೆದಿದೀನಿ. ಡಾಕ್ಟರ ತಕರಾರು ಏನಂದ್ರೆ ನೆವ ಅಂದ್ರೆ ಸುಳ್ಳು ಸಬೂಬು ಅಂತಲೂ ಆಗುತ್ತಲ್ಲ, ಪೇಷಂಟು ನೆಪ ಹೇಳ್ತಿದಾರೆ ಅಂದಂಗೆ ಕೇಳ್ಸುತ್ತೆ ಅಂತ. ನನಗೇನೋ ವಾಕ್ಯದಲ್ಲಿ ಆ ಗೊಂದಲ ಬರಲ್ಲ ಅನ್ಸುತ್ತೆ. ಮೈಸೂರು, ಮಂಗಳೂರು, ಕಲಬುರಗಿ ಕಡೆಯೋರು ಇದನ್ನ ಹೆಂಗೆ ಓದ್ಕೊಂತೀರಿ, ಇದಕ್ಕಿಂತ ಒಳ್ಳೆ ಆಡುಮಾತು ಇದ್ರೆ ಹಾಳೆ ಪ್ರಿಂಟಿಗೆ ಹೋಗೋದ್ರೊಳಗೆ ತಿಳಿಸಿ.