ಬಿಸಿಲು ಏರಿದಂಗೆ ತಂಗಿ ಕಾಲು ಸೋಲ್ತಿದೆ, ಎಂ.ಎಸ್. ಇರೋರು ಹೇಳಿ

ದಾವಣಗೆರೆ ವಿದ್ಯಾನಗರದಿಂದ ಕೇಳ್ತಿದೀನಿ. ತಂಗಿಗೆ 29 ವರ್ಷ. ಹೋದ ವರ್ಷ ಒಂದು ಕಣ್ಣು ಮಂಜಾಯ್ತು, ಎಂಆರ್‌ಐ ಮಾಡಿಸಿದಾಗ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್., ನರಗಳ ಕಾಯಿಲೆ) ಅಂದ್ರು. ಈಗ ಮಧ್ಯಾಹ್ನ ಆದ್ರೆ ಎದ್ದು ನಿಲ್ಲೋಕೆ ಆಗಲ್ಲ ಅಂತಾಳೆ. ಕಾಯಿಲೆ ಹೆಚ್ಚಾಗ್ತಿದೆಯಾ ಅಂತ ಅಮ್ಮ ಅಳ್ತಿದಾರೆ.

ಉತ್ತರ, ಚಿತ್ರದುರ್ಗದಿಂದ:
ಅಮ್ಮನಿಗೆ ಮೊದಲು ಧೈರ್ಯ ಹೇಳಿ. ನನಗೆ ಎಂ.ಎಸ್. ಬಂದು 11 ವರ್ಷ. ಮೊದಲನೇ ಯುಗಾದಿಗೆ ಎಣ್ಣೆ ಹಚ್ಚಿಕೊಂಡು ಹಂಡೆ ತುಂಬ ಬಿಸಿನೀರು ಹುಯ್ಕೊಂಡೆ. ಬಚ್ಚಲಿಂದ ಏಳೋಕೇ ಆಗ್ಲಿಲ್ಲ, ಕಾಲು ಹತ್ತಿ ಥರ. ಅತ್ತೆ, ಓರಗಿತ್ತಿ ಸೇರಿ ಎತ್ತಿದ್ರು. ಫ್ಯಾನ್ ಕೆಳಗೆ ಮಲಗಿದ ಮೇಲೆ ತಾನಾಗೇ ಸರಿಹೋಯ್ತು. ನರದ ಮೇಲಿನ ಮಯಲಿನ್ ಪದರ ಹಾಳಾಗಿರೋ ಕಡೆ, ಮೈ ಬಿಸಿ ಅರ್ಧ ಡಿಗ್ರಿ ಏರಿದ್ರೂ ಸಂದೇಶ ಸರಿಯಾಗಿ ದಾಟಲ್ಲ ಅಂತ ಡಾಕ್ಟ್ರು ಆಮೇಲೆ ಬಿಡಿಸಿ ಹೇಳಿದ್ರು. ಹಿಂದೆ ಬಿಸಿನೀರಲ್ಲಿ ಕೂರಿಸಿಯೇ ಈ ಕಾಯಿಲೆ ಪರೀಕ್ಷೆ ಮಾಡ್ತಿದ್ರಂತೆ.

ಈಗ ಉಗುರುಬೆಚ್ಚಗಿನ ನೀರೇ. ಅಡುಗೆ ಬೆಳಿಗ್ಗೆ 8ರೊಳಗೆ ಮುಗಿಸ್ತೀನಿ, ಒಲೆ ಮುಂದೆ ನಿಂತರೂ ಕುತ್ತಿಗೆಗೆ ಒದ್ದೆ ಟವೆಲ್ ಇರುತ್ತೆ.

ಆದ್ರೆ ತಣ್ಣಗಾದ ಮೇಲೂ ತೊಂದರೆ 24 ಗಂಟೆ ದಾಟಿ ಉಳಿದ್ರೆ, ಇಲ್ಲಾ ಹೊಸದಾಗಿ ಏನಾದ್ರೂ ಶುರುವಾದ್ರೆ ನರರೋಗ ತಜ್ಞರಿಗೆ ಹೇಳಲೇಬೇಕು. ಮೂತ್ರದ ಸೋಂಕು ಇದ್ರೂ ಹೀಗಾಗಬಹುದು, ಅದನ್ನೂ ನೋಡಿಸಿ. ನನಗೆ ಒಮ್ಮೆ ಅದೇ ಆಗಿತ್ತು, ಎಂ.ಎಸ್. ಮತ್ತೆ ಅಟ್ಯಾಕ್ ಆಯ್ತು ಅಂದ್ಕೊಂಡು ಎರಡು ರಾತ್ರಿ ನಿದ್ದೆಗೆಟ್ಟಿದ್ವಿ.

ಇನ್ನೊಬ್ಬರು, ದಾವಣಗೆರೆ:
ಹೆಂಡತಿಗೆ ಇದೆ. ಸುಸ್ತನ್ನ ಸೋಮಾರಿತನ ಅನ್ನಬೇಡಿ, ನಾನು ಒಂದು ವರ್ಷ ಅಂದೆ, ಈಗಲೂ ನೋವಾಗುತ್ತೆ. ಆರಾಮ ಇದೀನಿ ಅಂತ ಔಷಧಿ ಮಾತ್ರ ಬಿಡಿಸಬೇಡಿ.

ಚಿತ್ರದುರ್ಗದವರೇ ಮತ್ತೆ:
ಇನ್ನೊಂದು ಮರೆತಿದ್ದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಇದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ಎಂಆರ್‌ಐ ರಿಪೋರ್ಟ್ ಎಲ್ಲ ಜೋಡಿಸಿಟ್ಟುಕೊಳ್ಳಿ. ತುಂಬಾ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇ. 40 ಇರಬೇಕಾಗುತ್ತೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದವರ ಬೆಂಗಳೂರು ಶಾಖೆಗೆ ಫೋನ್ ಮಾಡಿ. ನಮ್ಮೂರಲ್ಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ಇದೇ ಕಾಯಿಲೆಯ ಇನ್ನೊಬ್ಬಳ ದನಿ ಮೊದಲ ಸಲ ಕೇಳಿದಾಗ ಅರ್ಧ ಗಂಟೆ ಮಾತಾಡಿದೆ.

ಕೇಳಿದವರು:
ನಿನ್ನೆ ಒದ್ದೆ ಟವೆಲ್ ಹಾಕಿ ನೆಲದ ಮೇಲೆ ಮಲಗಿಸಿದ್ವಿ. ಸಂಜೆ ತಾನೇ ಎದ್ದು ಬಾಗಿಲವರೆಗೆ ಬಂದ್ಳು. ಸೋಮವಾರ ಮೂತ್ರ ಪರೀಕ್ಷೆಗೆ ಕರ್ಕೊಂಡು ಹೋಗ್ತೀವಿ. ಅಕ್ಕಾ, ಅವಳು ನಿಮ್ಮ ಹತ್ರ ಮಾತಾಡಬೇಕಂತೆ, ಆಗುತ್ತಾ?