ಪಿಂಕ್ ಪ್ರಿನ್ಸೆಸ್ ಬಳ್ಳಿ: ಹೊಸ ಎಲೆ ಬರೀ ಹಸಿರು, ಬುಡದ ಎಲೆ ಹಳದಿ. ಏನು ಮಾಡಲಿ?

ಸಂಜೆಮಲ್ಲಿಗೆ (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪಿಂಕ್ ಪ್ರಿನ್ಸೆಸ್ ಫಿಲೊಡೆಂಡ್ರಾನ್ ಇದೆ. ತಂದಾಗ ಕಪ್ಪು ಹಸಿರು ಎಲೆಯ ಮೇಲೆ ಗುಲಾಬಿ ಬಣ್ಣ ಎರಚಿದ ಹಾಗಿತ್ತು. ಮಳೆ ಹಿಡಿದ ಮೇಲೆ ತೊಂದರೆ ಶುರು. ತುದಿಯಲ್ಲಿ ಬರುವ ಹೊಸ ಎಲೆಗಳಲ್ಲಿ ಗುಲಾಬಿ ಒಂದು ಚುಕ್ಕಿಯೂ ಇಲ್ಲ. ಬುಡದ ಎಲೆಗಳು ಹಳದಿಯಾಗಿ ಉದುರುತ್ತಿವೆ. ಹಾಲ್‌ನಲ್ಲಿ ಕಿಟಕಿಯಿಂದ ಐದಾರು ಅಡಿ ಒಳಗೆ ಇಟ್ಟಿದ್ದೇನೆ. ತೋಟದ ಕೆಂಪು ಮಣ್ಣು, ಸಗಣಿ ಗೊಬ್ಬರ, ದಿನ ಬಿಟ್ಟು ದಿನ ನೀರು. ಗೊಬ್ಬರ ಸಾಲದು ಅಂತ ನರ್ಸರಿಯಲ್ಲಿ ಹೇಳಿದ್ದಕ್ಕೆ 19:19:19 ರಾಸಾಯನಿಕ ಗೊಬ್ಬರ ಕೂಡ ಹಾಕಿದೆ. ಇನ್ನೂ ಹಾಕಬೇಕಾ?

ಮೆಣಸಿನಬಳ್ಳಿ (ಮೂಡಿಗೆರೆ):
ಮೇಡಂ, ನಮ್ಮ ಕಾಳುಮೆಣಸಿಗೂ ಪುಷ್ಯ ಮಳೆ ಹೊತ್ತಿಗೆ ಹೀಗೇ ಆಗುತ್ತದೆ. ಬುಡಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ್ದು) ಸುರಿಯಿರಿ. ಗುಲಾಬಿ ಬಣ್ಣಕ್ಕೆ ಬೆಳಕು ಜಾಸ್ತಿ ಕೊಡಿ, ತಾನಾಗೇ ವಾಪಸ್ ಬರುತ್ತದೆ.

ಕೆಸುವಿನೆಲೆ (ಹಾಸನ):
ಮೇಡಂ, ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದಕ್ಕೊಂದು ಸಂಬಂಧ ಇಲ್ಲ. ಹಳದಿಗೆ ಕಾರಣ ಬೇರಿನಲ್ಲಿದೆ, ಹಸಿರಿಗೆ ಕಾರಣ ಕಾಂಡದಲ್ಲಿದೆ. ಎರಡಕ್ಕೂ ಗೊಬ್ಬರ ಮದ್ದಲ್ಲ. 19:19:19 ಇವತ್ತೇ ನಿಲ್ಲಿಸಿ. ಕೆಟ್ಟ ಬೇರಿಗೆ ಇಂಥ ರಾಸಾಯನಿಕ ಗೊಬ್ಬರ ಹಾಕಿದರೆ ಉಳಿದ ಬೇರೂ ಸುಡುತ್ತದೆ.

ಮೊದಲು ಹಳದಿ ನೋಡೋಣ, ಅದು ಅರ್ಜೆಂಟ್. ಗಿಡವನ್ನು ಕುಂಡದಿಂದ ಹೊರಗೆ ತೆಗೆಯಿರಿ. ಆರೋಗ್ಯವಾದ ಬೇರು ಬಿಳುಪಾಗಿ, ಗಟ್ಟಿಯಾಗಿ ಇರುತ್ತದೆ. ಕೊಳೆತ ಬೇರು ಕಂದು, ಮೆತ್ತಗೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಕಳಚಿ ಬಂದು ಒಳಗಿನ ನಾರು ಮಾತ್ರ ಉಳಿಯುತ್ತದೆ. ವಾಸನೆಯೂ ಗೊತ್ತಾಗುತ್ತದೆ. ಅಂಥದ್ದನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ.

ತೋಟದ ಮಣ್ಣು ನೆಲದಲ್ಲಿ ಚೆನ್ನ, ಕುಂಡದಲ್ಲಿ ಅಲ್ಲ. ಇದು ಕೊಲಂಬಿಯಾ ಕಡೆಯ ಕಾಡಿನ ಬಳ್ಳಿಯಿಂದ ಬಂದ ತಳಿ. ಮರ ಹತ್ತಿ ಬೆಳೆಯುವ ಜಾತಿ, ಬೇರಿಗೆ ಗಾಳಿ ಬೇಕೇ ಬೇಕು. ನಾನು ಹಾಕುವುದು ಇಷ್ಟು: ತೆಂಗಿನ ಸಿಪ್ಪೆಯ ಸಣ್ಣ ತುಂಡು ಎರಡು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಚೂರು) ಒಂದು ಪಾಲು, ಒಂದು ಹಿಡಿ ಇದ್ದಿಲು ಚೂರು, ಸ್ವಲ್ಪ ಎರೆಗೊಬ್ಬರ. ಪರ್ಲೈಟ್ ಸಿಗದಿದ್ದರೆ ಇಟ್ಟಿಗೆ ಚೂರು ನಡೆಯುತ್ತದೆ. ಸಿಪ್ಪೆ ತುಂಡನ್ನು ನೆನೆಹಾಕಿ, ಕಂದು ನೀರು ತಿಳಿಯಾಗುವ ತನಕ ತೊಳೆಯಿರಿ. ಕುಂಡ ಉಳಿದ ಬೇರಿಗೆ ತಕ್ಕಷ್ಟೇ ಚಿಕ್ಕದಿರಲಿ. ದೊಡ್ಡ ಕುಂಡ ಒಣಗುವುದೇ ಇಲ್ಲ, ಅದರಲ್ಲೂ ಈ ಮಳೆಗಾಲದಲ್ಲಿ.

ನೀರಿಗೆ ದಿನದ ಲೆಕ್ಕ ಬೇಡ. ಬೆರಳು ಎರಡು ಗೆಣ್ಣು ಇಳಿಸಿ, ಅಲ್ಲಿವರೆಗೆ ಒಣಗಿದ್ದರೆ ಮಾತ್ರ ಹಾಕಿ. ನಿಮ್ಮೂರಲ್ಲಿ ಜುಲೈನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಕುಂಡ ಹೇಗೆ ಒಣಗಬೇಕು?

ಮೆಣಸಿನಬಳ್ಳಿ ಅವರೇ, ಮೆಣಸಿನ ಸೊರಗು ರೋಗ ಬರುವುದು ಫೈಟಾಫ್ತೊರಾ ಎಂಬ ರೋಗಾಣುವಿನಿಂದ. ಅದಕ್ಕೆ ತೋಟದಲ್ಲಿ ಶೇ 1ರ ಬೋರ್ಡೋ ಕೊಡುವುದು ಸರಿಯೇ. ಇಲ್ಲಿ ಮನೆಯೊಳಗಿನ ಒಂದು ಕುಂಡ. ನೀರು ನಿಲ್ಲುವುದನ್ನು ತಪ್ಪಿಸದೆ ಏನು ಸುರಿದರೂ ದಂಡ. ಹಾಲ್‌ನಲ್ಲಿ ಮೈಲುತುತ್ತ ಕಲಸುವ ರಗಳೆ ಯಾಕೆ ಮಾರಾಯ್ರೆ?

ಮೆಣಸಿನಬಳ್ಳಿ (ಮೂಡಿಗೆರೆ):
ಅದು ಒಪ್ಪಿದೆ. ಆದರೆ ಬೆಳಕಿನ ಮಾತು ಸರಿ ಅಲ್ವಾ?

ಕೆಸುವಿನೆಲೆ (ಹಾಸನ):
ಅರ್ಧ ಸರಿ. ಗುಲಾಬಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ. ಒಂದೇ ಗಿಡದಲ್ಲಿ ಎರಡು ಥರದ ಜೀವಕೋಶ ಬೆರೆತಿವೆ. ಬೆಳಕು ಕಡಿಮೆಯಾದರೆ ಗಿಡ ಸೊರಗುತ್ತದೆ, ಇರುವ ಬಣ್ಣವೂ ಮಂಕಾಗುತ್ತದೆ. ಆದ್ದರಿಂದ ಬೆಳಕು ಬೇಕು. ಆದರೆ ತುದಿಯ ಚಿಗುರಿನಲ್ಲಿ ಬರೀ ಹಸಿರು ಕೋಶ ಉಳಿದಿದ್ದರೆ ಎಷ್ಟು ಬೆಳಕು ಕೊಟ್ಟರೂ ಅದು ಹಸಿರೇ ಬಿಡುತ್ತದೆ.

ಅದಕ್ಕೇ ಎಲೆ ನೋಡಬೇಡಿ, ಕಾಂಡ ನೋಡಿ. ತುದಿಯಿಂದ ಕೆಳಗೆ ಬನ್ನಿ. ಒಂದು ಕಡೆ ಕಾಂಡದ ಮೇಲೆ ಗುಲಾಬಿ ಗೆರೆ ಸಿಗುತ್ತದೆ. ಆ ಗೆರೆ ಎಲೆ ಹೊರಟ ಗಿಣ್ಣಿನ ಕಣ್ಣಿಗೇ ತಾಗಿರಬೇಕು, ಕಾಂಡದ ಆಚೆ ಬದಿಗಿದ್ದರೆ ಪ್ರಯೋಜನ ಕಮ್ಮಿ. ಅಂಥ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಆ ಕಣ್ಣು ಒಡೆದು ಬಣ್ಣದ ಚಿಗುರು ಬರುವ ಸಾಧ್ಯತೆ ಹೆಚ್ಚು. ಗ್ಯಾರಂಟಿ ಅಂತೂ ಅಲ್ಲ. ಗೆರೆ ಅಗಲವಾಗಿದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಪೂರ್ತಿ ಗುಲಾಬಿ ಎಲೆ ಬಂದರೆ ಅದು ಆಹಾರ ತಯಾರಿಸುವುದಿಲ್ಲ, ಬೇಗ ಕಂದಾಗುತ್ತದೆ.

ಈಗಲೇ ಕತ್ತರಿ ಹಾಕಬೇಡಿ. ಬೇರು ಕೊಳೆತ ಗಿಡಕ್ಕೆ ತಲೆಯನ್ನೂ ತೆಗೆದರೆ ತಡೆಯುವುದು ಕಷ್ಟ. ಕೊಳೆ ಕಾಂಡಕ್ಕೆ ಏರಿದ್ದರೆ ಮಾತ್ರ ಬೇರೆ ದಾರಿ ಇಲ್ಲ.

ಸಂಜೆಮಲ್ಲಿಗೆ (ಚಿಕ್ಕಮಗಳೂರು):
ತೆಗೆದು ನೋಡಿದೆ ಸರ್. ಹೊರಗಿನ ಪಿಂಗಾಣಿ ಕುಂಡದ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು! ಬೇರು ಅರ್ಧದಷ್ಟು ಹೋಗಿದೆ, ನೀವು ಹೇಳಿದ ಹಾಗೇ ಸಿಪ್ಪೆ ಕಳಚಿ ಬಂತು. ಕಾಂಡ ಗಟ್ಟಿ ಇದೆ. ತುದಿಯಿಂದ ನಾಲ್ಕನೇ ಗಿಣ್ಣಿನಲ್ಲಿ ಗುಲಾಬಿ ಗೆರೆಯೂ ಕಂಡಿತು. ಅಂದಹಾಗೆ, ಇದು ಬಣ್ಣ ಬರಿಸಿ ಮಾರುವ ಗಿಡ ಅಲ್ಲ ತಾನೇ? ಮತ್ತೆ ಕೈಯೆಲ್ಲ ತುರಿಕೆ, ಅದು ಯಾಕೆ?

ಕೆಸುವಿನೆಲೆ (ಹಾಸನ):
ಗೆರೆ ಇದ್ದರೆ ಭಯ ಬೇಡ. ನೀವು ಹೇಳುತ್ತಿರುವುದು ಪಿಂಕ್ ಕಾಂಗೋ. ಅದರಲ್ಲಿ ಎಲೆ ಪೂರ್ತಿ ಗುಲಾಬಿ ಇರುತ್ತದೆ. ರಾಸಾಯನಿಕದಿಂದ ಬರಿಸಿದ ಬಣ್ಣ, ಕೆಲವು ತಿಂಗಳಲ್ಲಿ ಹೊಸ ಎಲೆಯೆಲ್ಲ ಹಸಿರು.

ತುರಿಕೆ ಗಿಡದ ರಸದಿಂದ. ಪತ್ರೊಡೆಗೆ ಕೆಸುವಿನೆಲೆ ಹೆಚ್ಚುವಾಗ ಆಗುತ್ತದಲ್ಲ, ಅದೇ. ಎರಡೂ ಒಂದೇ ಕುಟುಂಬ, ಎರಡರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಸೋಪಿನಲ್ಲಿ ತೊಳೆಯಿರಿ. ಮಕ್ಕಳಿಗೆ, ಬೆಕ್ಕು ನಾಯಿಗೆ ಎಟುಕದ ಕಡೆ ಇಡಿ.

ಇನ್ನು ಜಾಗ. ಕಿಟಕಿಯಿಂದ ಒಂದೆರಡು ಅಡಿ ದೂರಕ್ಕೆ ತನ್ನಿ. ಮೋಡದ ದಿನಗಳಲ್ಲಿ ಮಾಮೂಲಿ ಬಿಳಿ ಎಲ್‌ಇಡಿ ಬಲ್ಬನ್ನು ಒಂದಡಿ ಮೇಲೆ ತೂಗುಹಾಕಿ ದಿನಕ್ಕೆ 10–12 ಗಂಟೆ ಉರಿಸಿದರೂ ಸಾಕು. ಬಿಸಿಲು ಬಂದ ಮೇಲೆ ಪಶ್ಚಿಮದ ಕಿಟಕಿಯಾದರೆ ತೆಳು ಪರದೆ ಇಳಿಬಿಡಿ, ಗುಲಾಬಿ ಭಾಗ ಮೊದಲು ಸುಡುತ್ತದೆ. ತೆಂಗಿನ ನಾರು ಸುತ್ತಿದ ಕೋಲು ಕೊಟ್ಟರೆ ಹಬ್ಬುತ್ತಾ ಎಲೆ ದೊಡ್ಡದಾಗುತ್ತದೆ. ಚಳಿಗಾಲದಲ್ಲಿ ರಾತ್ರಿ ಕಿಟಕಿ ತೆರೆದಿಡಬೇಡಿ.

ಹೊಸ ಎಲೆ ಒಂದು ಪೂರ್ತಿ ಬಿಚ್ಚಿಕೊಂಡ ಮೇಲೆ ಆ ನಾಲ್ಕನೇ ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿ ಹಾಕಿ.

ಸಂಜೆಮಲ್ಲಿಗೆ (ಚಿಕ್ಕಮಗಳೂರು):
ಕತ್ತರಿಸಿದ ಹಸಿರು ತುದಿಯನ್ನು ಬಿಸಾಡಬೇಕಾ? ನಾದಿನಿ ಒಂದು ಕೊಂಬೆ ಕೇಳುತ್ತಿದ್ದಾರೆ.

ಕೆಸುವಿನೆಲೆ (ಹಾಸನ):
ಬಿಸಾಡಬೇಡಿ. ಗಿಣ್ಣು ಮುಳುಗುವಷ್ಟು ನೀರಿನಲ್ಲಿಡಿ, ಬೇರು ಬರುತ್ತದೆ. ಒಳ್ಳೆ ಹಸಿರು ಬಳ್ಳಿ ಆಗುತ್ತದೆ, ಧಾರಾಳವಾಗಿ ಕೊಡಿ. ಮುಂದೆ ಗುಲಾಬಿ ಬರುತ್ತದೆ ಅಂತ ಮಾತ್ರ ಹೇಳಬೇಡಿ.