30 ಲಿನಕ್ಸ್ ಸಿಸ್ಟಮ್, ಸ್ಕ್ರಿಪ್ಟ್ ಒಂದಕ್ಕೇ ನಿಲ್ಲಾಕತ್ತದ

ಕಲಬುರಗಿ ಲ್ಯಾಬ್‌ನವ:
ನಮಸ್ಕಾರ್ರಿ, ಇಲ್ಲಿ ಕಾಲೇಜ್ ಒಂದ್ರಾಗ ಲ್ಯಾಬ್ ನೋಡ್ಕೋತೀನಿ, 30 ಉಬುಂಟು ಸಿಸ್ಟಮ್ ಅವ. ಒಂದೊಂದಕ್ಕೂ ಕುಂತು ಅಪ್‌ಡೇಟ್ ಹೊಡ್ದು ಹುಡುಗರು ತುಂಬಿಟ್ಟ ಡೌನ್‌ಲೋಡ್ ಅಳಿಸೋದ್ರಾಗ ಶನಿವಾರ ಪೂರಾ ಹೋಗ್ತದ, ಅದಕ್ಕ ಸಿಸ್ಟಮ್‌ಗಳ ಐಪಿ ವಿಳಾಸ ಎಲ್ಲಾ ಒಂದು ಫೈಲ್‌ನಾಗ ಬರ್ದು ಒಂದೊಂದೇ ಸಾಲು ಓದೋ ವೈಲ್ ರೀಡ್ ಲೂಪ್‌ನಾಗ ಎಸ್‌ಎಸ್‌ಎಚ್ ಹಾಕೀನಿ (ಇಲ್ಲಿ ಕುಂತೇ ಬ್ಯಾರೆ ಸಿಸ್ಟಮ್‌ನಾಗ ಕಮಾಂಡ್ ನಡಸೋದು), ಆದ್ರ ಮೊದಲ್ನೇದು ಆಗಿದ್ದೇ ಸ್ಕ್ರಿಪ್ಟ್ ಸುಮ್ನ ಮುಗದುಬಿಡ್ತದ, ಎರರ್ರೂ ಇಲ್ಲ. ಯಾಕ್ರಿ?

ಬೀದರ್ ಮಂದಿ:
ಎಸ್‌ಎಸ್‌ಎಚ್ಚೇ ನಿಮ್ ಫೈಲಿನ ಉಳಿದ ಸಾಲೆಲ್ಲಾ ನುಂಗ್ಲಿಕತ್ತದ ನೋಡ್ರಿ, ಲೂಪಿಗಿ ಏನೂ ಉಳಿಯಂಗಿಲ್ಲ. ಎಸ್‌ಎಸ್‌ಎಚ್ ಆದ್ಮ್ಯಾಲ ಮೈನಸ್ ಎನ್ (-n) ಹಾಕ್ರಿ, ಆಗ ಅದು ಫೈಲಿನ ಸಾಲು ಓದಂಗಿಲ್ಲ, ಅಷ್ಟೇ. ನಾನೂ ಇದಕ್ಕ ಎರಡು ದಿನ ತಲಿ ಕೆಡಿಸ್ಕೊಂಡಿದ್ದೆ. ಮತ್ತ ಪಾಸ್‌ವರ್ಡ್ ಸ್ಕ್ರಿಪ್ಟ್‌ನಾಗ ಬರೀಬ್ಯಾಡ್ರಿ, ಪಾಸ್‌ವರ್ಡ್ ಬದ್ಲಿ ಲಾಗಿನ್ ಆಗೋ ಕೀ ಮಾಡಿ ಎಸ್‌ಎಸ್‌ಎಚ್-ಕಾಪಿ-ಐಡಿಲೆ ಕಳಿಸ್ರಿ.

ಯಾದಗಿರಿ ಟರ್ಮಿನಲ್:
ಕ್ರಾನ್‌ನಾಗ (ಹೇಳಿದ ಟೈಮಿಗಿ ತಾನೇ ಕೆಲಸ ನಡಸೋದು) ಈ ಕೆಲಸ ರಾತ್ರಿ 2ಕ್ಕ ಇಟ್ರ ನಡ್ಯಂಗಿಲ್ಲ, ಸಿಸ್ಟಮ್ ಬಂದ್ ಇರ್ತಾವ. ಅನಾಕ್ರಾನ್ ಹಚ್ರಿ, ಮುಂದ ಚಾಲೂ ಆದಾಗ ಬಾಕಿ ಕೆಲಸ ಮಾಡ್ತದ. ಅಳಿಸೋ ಕಮಾಂಡಿಗಿ ಮದ್ಲ ಎಕೋ ಹಚ್ಚಿ ನೋಡ್ರಿ, ಅಳಿಸ್ದೇ ಕಮಾಂಡ್ ಬರೇ ಬರ್ದು ತೋರಸ್ತದ, ನಮ್ಮಲ್ಲಿ ವೇರಿಯೇಬಲ್ ಖಾಲಿ ಇದ್ದು ಹುಡುಗರ ಪ್ರಾಜೆಕ್ಟೇ ಹೋದ್ವು, ಪರೀಕ್ಷಾ ವಾರ ಬ್ಯಾರೆ!

ಕಲಬುರಗಿ ಲ್ಯಾಬ್‌ನವ:
ಮೈನಸ್ ಎನ್ ಹಾಕ್ದೆ, 29 ಆದ್ವು. ಒಂದು ಸಿಸ್ಟಮ್ ನೆಟ್‌ವರ್ಕ್‌ನಾಗ ಪಿಂಗಿಗಿ ಉತ್ತರಾನೇ ಕೊಡ್ಲಿಲ್ಲ, ಹೋಗಿ ನೋಡಿದ್ರ ಕೇಬಲ್ ಇಲಿ ಕಡ್ದದ.